ಕೊಪ್ಪರಿಗೆಯೊಳಗೊಂದು ಬಾಣಂತನ

ಬೆಟ್ಟ ಎಲ್ಲಿ?

ಮೂವತ್ತೊಂದು ವರ್ಷ ನಾನು ಹೊಂಬಳದ ಶಾಲೆಯ ಕರಿಹಲಗೆಯ ಮೇಲೆ ಜ್ವಾಲಾಮುಖಿಯ ಚಿತ್ರ ಬರೆದಿದ್ದೇನೆ. ಕಂದು ಸೀಮೆಸುಣ್ಣದಲ್ಲಿ ಒಂದು ಚೂಪು ಬೆಟ್ಟ, ಅದರ ನೆತ್ತಿಗೊಂದು ತೂತು, ತೂತಿನಿಂದ ಕೆಂಪು ಬೆಂಕಿ, ಬೆಂಕಿಯ ಮೇಲೆ ಬಿಳಿ ಹೊಗೆ. ಹುಡುಗರು ಅದನ್ನೇ ತಮ್ಮ ಪಟ್ಟಿಯ ಪುಟದಲ್ಲಿ ಬರೆದುಕೊಂಡು ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುತ್ತಿದ್ದರು. ಜ್ವಾಲಾಮುಖಿ ದೂರದಿಂದಲೇ ಕಾಣುತ್ತದೆ, ಕಂಡವರು ಓಡಬಹುದು ಎಂಬುದು ನನ್ನ ಭೂಗೋಳ. ನಿವೃತ್ತಿಯಾದ ಮೂರನೆಯ ವರ್ಷ ಆ ಭೂಗೋಳವನ್ನು ತಲೆಯಲ್ಲಿಟ್ಟುಕೊಂಡೇ ಇಟಲಿಗೆ ಹೋದೆ.

ಹೋದದ್ದು ದೇಶ ನೋಡಲು ಅಲ್ಲ, ಬಾಣಂತನ ಮಾಡಲು. ನಸ್ರೀನ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಅವಳಿಗೆ ಆರು ವರ್ಷ. ಬೆಟಗೇರಿಯ ನನ್ನ ಮನೆಯಲ್ಲೇ ಬೆಳೆದಳು, ನನ್ನ ಶಾಲೆಯಲ್ಲೇ ಕಲಿತಳು. ಶಾಲೆಯ ರೂಢಿ ಮನೆಗೂ ಬಂದು ನಾವಿಬ್ಬರೂ ಉರ್ದುವಿಗಿಂತ ಕನ್ನಡದಲ್ಲೇ ಹೆಚ್ಚು ಜಗಳಾಡುತ್ತೇವೆ. ನನಗೆ ಬೇರೆ ಮಕ್ಕಳಿಲ್ಲ. ಅವಳ ಗಂಡ ಇಮ್ತಿಯಾಜ ಸೊರಟೂರಿನವನು, ಗೌಂಡಿ ಕೆಲಸದವನು. ಕೊಲ್ಲಿ ದೇಶಗಳಲ್ಲಿ ಗೋಡೆ ಕಟ್ಟುತ್ತ ಕಟ್ಟುತ್ತ ನೇಪಲ್ಸ್ ಪಕ್ಕದ ಪೊಜ್ಜುವೋಲಿ ಎಂಬ ಕಡಲ ಊರಿಗೆ ಬಂದು ಮುಟ್ಟಿದ್ದ. ಚೊಚ್ಚಲ ಹೆರಿಗೆ, ತಾಯಿಯಿಲ್ಲದ ಹುಡುಗಿ, ತಾಯಿಯ ಅಕ್ಕ, ಖಾಲಾ, ಹೋಗದಿದ್ದರೆ ಇನ್ನಾರು ಹೋಗಬೇಕು? ಜೋಳದ ಹಿಟ್ಟು, ಶೇಂಗಾ ಚಟ್ನಿ, ಅಂಟಿನುಂಡಿಗೆ ಬೇಕಾದ ಅಂಟು, ಕೊಬ್ಬರಿ ಎಲ್ಲ ಕಟ್ಟಿಕೊಂಡು ಹೊರಟೆ.

ಅಲ್ಲೊಂದು ಜ್ವಾಲಾಮುಖಿ ಇದೆ, ಸುಮ್ಮನೆ ಮಲಗಿದೆ ಎಂದು ನಸ್ರೀನ ಫೋನಿನಲ್ಲಿ ಹೇಳಿದ್ದಳು. ವಿಮಾನ ನಿಲ್ದಾಣದ ಹೊರಗೆ ಬಂದಾಗ ದೂರದಲ್ಲಿ ವೆಸೂವಿಯಸ್ ಕಂಡಿತು. ಅಚ್ಚು ನನ್ನ ಹಲಗೆಯ ಚಿತ್ರ, ಹೊಗೆಯೊಂದಿರಲಿಲ್ಲ. ಹಳೆಯ ವಿದ್ಯಾರ್ಥಿ ಎದುರಾದಷ್ಟು ಖುಷಿಯಾಯಿತು. ಕರೆಯಲು ಬಂದಿದ್ದ ಇಮ್ತಿಯಾಜ ಮಾತ್ರ, ಅದು ನಮ್ಮದಲ್ಲ, ನಮ್ಮದು ಶಹರದ ಆ ಕಡೆಗಿದೆ ಅಂದ. ರೈಲಿನ ಕಿಟಕಿಯಲ್ಲಿ ಕುತ್ತಿಗೆ ನೋಯುವ ತನಕ ಎರಡನೆಯ ಬೆಟ್ಟಕ್ಕಾಗಿ ಹುಡುಕಿದೆ. ಸಿಗಲಿಲ್ಲ.

ಮನೆ ಮೂರನೆಯ ಅಂತಸ್ತಿನಲ್ಲಿತ್ತು. ನಸ್ರೀನ ತುಂಬಿದ ಹೊಟ್ಟೆ ಹೊತ್ತುಕೊಂಡು ಬಾಗಿಲಿಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅತ್ತು ಮುಗಿದ ಮೇಲೆ ಬಾಲ್ಕನಿಗೆ ಹೋಗಿ ನಿಂತೆ. ಎದುರಿಗೆ ಕಡಲು, ಒಂದು ಚರ್ಚಿನ ಗುಮ್ಮಟ, ಮನೆ ಮನೆಯ ಹಗ್ಗದ ಮೇಲೂ ಒಗೆದ ಬಟ್ಟೆ, ಸುತ್ತ ತಗ್ಗು ಗುಡ್ಡಗಳ ಸಾಲು. ಗಾಳಿಯಲ್ಲಿ ಕೊಳೆತ ತತ್ತಿಯ ವಾಸನೆ. ಜ್ವಾಲಾಮುಖಿಯ ಬೆಟ್ಟ ಎಲ್ಲಿದೆಯಪ್ಪ ಎಂದು ಇಮ್ತಿಯಾಜನನ್ನು ಕೇಳಿದೆ. ಅವನು ಬೆರಳೆತ್ತಿ ಗುಡ್ಡದ ಸಾಲಿನಗುಂಟ ಸುತ್ತಲೂ ಒಂದು ಉಂಗುರ ಬರೆದ.

“ಬೆಟ್ಟ ಇಲ್ಲರಿ ಖಾಲಾ. ಅದು ಯಾವ ಕಾಲದಾಗೋ ಒಳಗ ಕುಸದು ಹೋಗೈತಿ. ಆ ಗುಡ್ಡ ಕಾಣತಾವಲ್ಲ, ಅದು ದಂಡಿ. ನಾವು ಒಳಗದೇವಿ.”

ಅವನ ಬೆರಳಿನ ಜಾಡು ಹಿಡಿದು ನಾನೂ ಸುತ್ತಲೂ ಒಮ್ಮೆ ತಿರುಗಿ ನೋಡಿದೆ. ಇಷ್ಟು ದೊಡ್ಡ ಕೊಪ್ಪರಿಗೆಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಗದಗಿನಿಂದ ಹೊರಟು ಹೊಂಬಳ ದಾಟುವಷ್ಟು ಅಗಲ, ಅರ್ಧ ನೆಲದ ಮೇಲೆ, ಅರ್ಧ ಕಡಲಡಿಗೆ. ಅದರ ತಳದಲ್ಲಿ ಶಾಲೆ, ಬಜಾರು, ರೈಲು, ಕುದುರೆ ಓಡಿಸುವ ಮೈದಾನ, ಲಕ್ಷಗಟ್ಟಲೆ ಮಂದಿ, ಮತ್ತು ದಿನ ತುಂಬಿದ ನನ್ನ ಹುಡುಗಿ. ನನ್ನ ಹಲಗೆ ನೋಡಿ ಬೆಟ್ಟ ಬರೆದುಕೊಂಡ ಅಷ್ಟೂ ಮಕ್ಕಳ ಮುಖ ನೆನಪಾಗಿ ನಾಚಿಕೆಯಾಯಿತು.

ನಳದ ಸರದಿ

ಮಾರನೆಯ ದಿನ ಎದ್ದವಳೇ ನಳ ಯಾವತ್ತು ಬರುತ್ತದೆ ಎಂದು ಕೇಳಿದೆ. ಬೆಟಗೇರಿಯವರು ಯಾವ ಊರಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ ಅದು. ನಮ್ಮಲ್ಲಿ ನಳ ಬರುವ ದಿನಕ್ಕೆ ಲೆಕ್ಕವಿಲ್ಲ. ಬಂದ ದಿನ ಓಣಿಗೆ ಓಣಿಯೇ ಕೆಲಸಕ್ಕೆ ರಜೆ ಹಾಕಿ ಕೊಡ, ಬ್ಯಾರಲ್ಲು, ತಪೇಲಿ, ಕೊನೆಗೆ ಚಹಾದ ಪಾತ್ರೆಯನ್ನೂ ತುಂಬಿಸುತ್ತದೆ. ಇಲ್ಲಿ ಇಪ್ಪತ್ನಾಲ್ಕು ತಾಸೂ ಬರುತ್ತದೆ ಎಂದು ನಸ್ರೀನ ನಕ್ಕಳು. ಇಪ್ಪತ್ನಾಲ್ಕು ತಾಸು ಬರುವ ನೀರು ಇಪ್ಪತ್ತೈದನೆಯ ತಾಸಿಗೆ ನಿಂತರೆ ಏನು ಮಾಡುತ್ತೀ? ಬಾಣಂತಿ ಮನೆ ಬೇರೆ. ಇಮ್ತಿಯಾಜ ಬಣ್ಣದ ಖಾಲಿ ಡಬ್ಬಿಗಳನ್ನು ಬಾಲ್ಕನಿಯಲ್ಲಿ ಒಟ್ಟಿದ್ದ. ಒಂದೊಂದು ಎರಡು ಕೊಡ ನೀರು ಹಿಡಿಯುವಂಥವು. ಏಳು ಡಬ್ಬಿ ತಿಕ್ಕಿ ತೊಳೆದು, ತುಂಬಿ, ಅಡಿಗೆಮನೆಯ ಗೋಡೆಗುಂಟ ಸಾಲಾಗಿ ಇಟ್ಟೆ. ಜೀವಕ್ಕೆ ಸಮಾಧಾನವಾಯಿತು.

ಆ ಸಮಾಧಾನ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಬಳ್ಳೊಳ್ಳಿ ಸುಲಿಯುತ್ತ ನೆಲದ ಮೇಲೆ ಕೂತಿದ್ದೆ. ಏಳೂ ಡಬ್ಬಿಗಳ ನೀರಿನಲ್ಲಿ ಒಮ್ಮೆಲೇ ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಬಳೆಗಳು ಎದ್ದವು. ಬೀದಿಯಲ್ಲಿ ಲಾರಿ ಇರಲಿಲ್ಲ, ಯಾರೂ ನಡೆದಾಡಿರಲಿಲ್ಲ. ನನ್ನ ಮೈಗೆ ಏನೂ ಗೊತ್ತಾಗಲಿಲ್ಲ, ನೀರಿಗೆ ಗೊತ್ತಾಗಿತ್ತು. ಕೂಗಿದೆ. ನಸ್ರೀನ ಬಂದು ನೋಡಿ ಮುಖ ತಿರುಗಿಸಿದಳು.

“ನೋಡಬ್ಯಾಡ್ರಿ ಖಾಲಾ. ದಿನಾ ಇರತೈತಿ. ಇಲ್ಲಿ ಮಂದಿ ನೋಡೂದಿಲ್ಲ.”

ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿ ಅಸುಂತಾ ಇದ್ದಳು. ನನ್ನ ವಾರಿಗೆಯವಳು, ಗಂಡ ಇಲ್ಲ, ಮೀನಿನ ಬಜಾರಿನಲ್ಲಿ ಕೂತು ಕೂತು ಗಂಟಲು ದೊಡ್ಡದಾಗಿತ್ತು. ನಸ್ರೀನಳನ್ನು ಮಗಳಂತೆ ನೋಡಿಕೊಳ್ಳುತ್ತಿದ್ದಳು, ದಿನಕ್ಕೆ ನಾಲ್ಕು ಸಲ ಮೇಲೆ ಬಂದು ಹೊಟ್ಟೆ ಮುಟ್ಟಿ ಹೋಗುತ್ತಿದ್ದಳು. ಆವತ್ತು ಬಂದವಳು ಡಬ್ಬಿಗಳ ಸಾಲು ಕಂಡು ನಿಂತುಬಿಟ್ಟಳು. ಅವಳು ನೋಡುತ್ತಿದ್ದಂತೆ ಮತ್ತೊಮ್ಮೆ ಬಳೆಗಳು ಎದ್ದವು. ಕೆಳಗೆ ಹೋಗಿ ಏಳು ಟವೆಲ್ಲು ತಂದು, ಹೆಣಕ್ಕೆ ಹೊದಿಸಿದಂತೆ ಒಂದೊಂದು ಡಬ್ಬಿಯ ಮೇಲೂ ಒಂದೊಂದು ಹೊದಿಸಿ ಹೋದಳು. ನನಗೆ ಸಿಟ್ಟು ಬಂತು. ನೀರನ್ನು ಮುಚ್ಚಿದರೆ ನೆಲ ನಿಲ್ಲುತ್ತದೆಯೇ?

ಬಂದರು ಮತ್ತು ಮೂರು ಕಂಬ

ಅಸುಂತಾಳಿಗೆ ನನ್ನ ಸಿಟ್ಟು ತಿಳಿಯಿತೋ ಏನೋ, ಎರಡು ದಿನ ಬಿಟ್ಟು ನನ್ನನ್ನೂ ನಸ್ರೀನಳನ್ನೂ ಬಂದರಿಗೆ ಕರೆದುಕೊಂಡು ಹೋದಳು. ಸಣ್ಣ ದೋಣಿಗಳು ನೀರಿಲ್ಲದ ಕೆಸರಿನಲ್ಲಿ ಪಕ್ಕಕ್ಕೆ ವಾಲಿ ಮಲಗಿದ್ದವು. ಕಡಲು ಬತ್ತಿದೆಯೇ ಎಂದು ಕೇಳಿದೆ. ಕಡಲು ಎಲ್ಲಿದೆಯೋ ಅಲ್ಲೇ ಇದೆ, ನೆಲ ಮೇಲೆ ಬಂದಿದೆ ಎಂದು ನಸ್ರೀನ ತಿಳಿಸಿ ಹೇಳಿದಳು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಬೆರಳಿನ ದಪ್ಪ. ಇಪ್ಪತ್ತು ವರ್ಷದಲ್ಲಿ ಏರಿದ್ದು ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಹಿಂದೊಮ್ಮೆ, ಅಸುಂತಾ ಹರೆಯದಲ್ಲಿದ್ದಾಗ, ಎರಡೇ ವರ್ಷದಲ್ಲಿ ಒಂದಾಳು ಎತ್ತರ ಏರಿತ್ತಂತೆ, ಆಮೇಲೆ ತಾನೇ ಇಳಿಯತೊಡಗಿತಂತೆ. ನಮ್ಮ ಕಡೆ ಬೆಲೆ ಏರುತ್ತದೆ, ಬಿಸಿಲು ಏರುತ್ತದೆ. ನೆಲ ಏರುವುದನ್ನು ಯಾರು ಕೇಳಿದ್ದಾರೆ?

ಬಂದರಿನ ಹತ್ತಿರವೇ ರೋಮನರ ಕಾಲದ ಒಂದು ಸಂತೆಕಟ್ಟೆಯಿದೆ. ಅದರಲ್ಲಿ ಮೂರು ಅಮೃತಶಿಲೆಯ ಕಂಬಗಳು ಇನ್ನೂ ನಿಂತಿವೆ. ಲಕ್ಷ್ಮೇಶ್ವರದ ಗುಡಿಯ ಕಂಬಗಳನ್ನು ನೋಡಿ ಬೆಳೆದ ನನಗೆ ಅವು ಬೋಳು ಬೋಳಾಗಿ ಕಂಡವು. ಕೆತ್ತನೆಯಿಲ್ಲ ಅಂದುಕೊಳ್ಳುತ್ತಿರುವಾಗಲೇ ತಲೆಯ ಬಹಳ ಮೇಲೆ, ಮೂರಾಳು ಎತ್ತರದಲ್ಲಿ, ನುಸಿ ಹತ್ತಿದ ಜೋಳದ ಹಾಗೆ ಕಂಬದ ಸುತ್ತ ತೂತುಗಳು ಕಂಡವು. ಅವು ಕಡಲ ಚಿಪ್ಪುಹುಳುಗಳು ಕೊರೆದ ತೂತುಗಳು ಎಂದು ನಸ್ರೀನ ಹೇಳಿದಳು. ಒಣನೆಲದಲ್ಲಿ ಕಟ್ಟಿದ ಸಂತೆ ಅಷ್ಟು ಆಳಕ್ಕೆ ಕಡಲಲ್ಲಿ ಮುಳುಗಿತ್ತು, ಎಷ್ಟೋ ಕಾಲ ಅಲ್ಲೇ ಇತ್ತು, ಮತ್ತೆ ಎದ್ದು ಬಂದಿದೆ. ಕಂಬ ಬಿದ್ದಿಲ್ಲ. ನಾನು ಕತ್ತೆತ್ತಿ ನೋಡುತ್ತ ನಿಂತೆ. ಪಕ್ಕದಲ್ಲಿ ಮುದುಕರಿಬ್ಬರು ಬೆಂಚಿನ ಮೇಲೆ ಕೂತು ಐಸ್‌ಕ್ರೀಮು ತಿನ್ನುತ್ತಿದ್ದರು.

ಶಾಲೆಯ ಹಾಲಿನಲ್ಲಿ

ಆ ವಾರ ಒಂದು ಶಾಲೆಯಲ್ಲಿ ಊರ ಮಂದಿಗೆ ತಿಳಿವಳಿಕೆ ಕೊಡುವ ಸಭೆಯಿತ್ತು. ಶಾಲೆ ಅಂದ ಮೇಲೆ ನನ್ನನ್ನು ಹಿಡಿಯುವವರಾರು? ನಸ್ರೀನ ನನ್ನ ಕಿವಿಯಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸುತ್ತಿದ್ದಳು. ಭೂವಿಜ್ಞಾನ ಓದಿದ ಒಬ್ಬ ಹುಡುಗಿ, ನನ್ನ ಕೊನೆಯ ಬ್ಯಾಚಿನ ಮಕ್ಕಳಷ್ಟು ವಯಸ್ಸಿನವಳು, ಗೋಡೆಯ ಮೇಲೆ ನಕ್ಷೆ ತೋರಿಸುತ್ತ ಮಾತಾಡಿದಳು.

ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿ ನೆಲದಡಿಯ ಕರಗಿದ ಕಲ್ಲು ಒಮ್ಮೆಲೇ ಹೊರಗೆ ಬಂತು. ಅದರ ಬೂದಿ ರಷ್ಯಾದ ತನಕ ಹೋಗಿ ಬಿತ್ತು. ಒಳಗೆ ಖಾಲಿಯಾದ ಮೇಲೆ ಮೇಲಿನ ನೆಲ ಕುಸಿದು ಈ ಕೊಪ್ಪರಿಗೆಯಾಯಿತು. ಹದಿನೈದು ಸಾವಿರ ವರ್ಷಗಳ ಹಿಂದೆ ಮತ್ತೊಮ್ಮೆ ದೊಡ್ಡದಾಗಿ ಸಿಡಿಯಿತು, ಮತ್ತೆ ಕುಸಿಯಿತು. ಆಗಿನ ಬೂದಿ ಗಟ್ಟಿಯಾಗಿ ಹಳದಿ ಕಲ್ಲಾಗಿದೆ. ನೇಪಲ್ಸಿನ, ಈ ಊರಿನ ಹಳೆಯ ಮನೆಗಳನ್ನೆಲ್ಲ ಕಟ್ಟಿದ್ದು ಅದೇ ಕಲ್ಲಿನಿಂದ. ಇದನ್ನು ಕೇಳಿ ನಾನು ಒರಗಿದ್ದ ಗೋಡೆಯಿಂದ ಬೆನ್ನು ತೆಗೆದೆ. ಆಮೇಲೆ ಸಣ್ಣ ಸಣ್ಣ ಸಿಡಿತಗಳು ಎಷ್ಟೋ ಆದವು. ಕೊನೆಯದು ಸಾವಿರದ ಐನೂರ ಮೂವತ್ತೆಂಟರಲ್ಲಿ. ಅದಕ್ಕೂ ಮೊದಲು ಹೀಗೇ ನೆಲ ನಡುಗಿತ್ತು, ಏರಿತ್ತು. ಕಡಲು ಹಿಂದೆ ಸರಿದು ಮೀನು ಒಣನೆಲದ ಮೇಲೆ ಒದ್ದಾಡುತ್ತಿದ್ದಾಗ ಊರವರು ಬುಟ್ಟಿ ಹಿಡಿದು ಆರಿಸಲು ಹೋಗಿದ್ದರಂತೆ. ಆಮೇಲೆ ನೆಲ ಬಿರಿಯಿತು. ಒಂದು ವಾರದಲ್ಲಿ ಬಯಲಿದ್ದ ಜಾಗದಲ್ಲಿ ಗುಡ್ಡ ನಿಂತಿತು, ಒಂದು ಹಳ್ಳಿ ಪೂರ್ತಿ ಅದರಡಿಗೆ ಹೋಯಿತು. ಆ ಗುಡ್ಡಕ್ಕೆ ಈಗಲೂ ಹೊಸ ಬೆಟ್ಟ ಎಂದೇ ಹೆಸರು. ನಮ್ಮ ಬಾಲ್ಕನಿಯಿಂದ ಕಾಣುವ, ಗಿಡಮರ ಬೆಳೆದ ಆ ಮುದ್ದಾದ ಗುಡ್ಡವೇ ಅದು. ದಿನಾ ಬೆಳಿಗ್ಗೆ ನಾನು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದೆ.

ಹಾಗಾದರೆ ಮುಂದಿನದು ಯಾವಾಗ ಎಂದು ನಸ್ರೀನಳಿಂದ ಕೇಳಿಸಿದೆ. ಗೊತ್ತಿಲ್ಲ ಅಂದಳು ಆ ಹುಡುಗಿ. ನಮ್ಮ ಕಾಲದಲ್ಲಿ ಆಗದಿರಬಹುದು, ಮೊದಲಿನ ಹಾಗೆ ನೆಲ ಮತ್ತೆ ಇಳಿದು ಸುಮ್ಮನಾಗಲೂಬಹುದು, ಆದರೆ ಗೊತ್ತಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಸಲವೂ ಮಕ್ಕಳೆದುರು ಆ ಮಾತು ಆಡಿದವಳಲ್ಲ. ಗೊತ್ತಿಲ್ಲದಾಗ ಸುಮ್ಮನೆ ಕೂಡ್ರು ಎಂದು ಗದರಿಸಿದ್ದೇನೆ. ಸರಕಾರದವರು, ಊರು ಬಿಡುವ ಹೊತ್ತು ಬಂದರೆ ಯಾವ ಓಣಿಯವರು ಯಾವ ಸೀಮೆಗೆ ಹೋಗಬೇಕು ಎಂಬುದನ್ನು ಮದುವೆಗೆ ಬಂದ ಬೀಗರಿಗೆ ಮನೆ ಹಂಚಿದಂತೆ ಮೊದಲೇ ಹಂಚಿ, ಕಾಗದದಲ್ಲಿ ಅಚ್ಚು ಹಾಕಿ ಕೊಟ್ಟಿದ್ದರು. ಮಂದಿ ಆ ಕಾಗದವನ್ನು ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು.

ಸಭೆ ಮುಗಿದ ಮೇಲೆ ಆ ಹುಡುಗಿ ನನ್ನ ಊರು ಕೇಳಿದಳು. ಗದಗ ಅಂದೆ, ಮುಂಡರಗಿ, ಶಿರಹಟ್ಟಿ, ಕಪ್ಪತಗುಡ್ಡ ಅಂದೆ. ಫೋನಿನಲ್ಲಿ ಏನೋ ಹುಡುಕಿ ಓದಿ ಅವಳ ಕಣ್ಣು ಅರಳಿದವು. ನಿಮ್ಮ ಗುಡ್ಡದ ಕಲ್ಲುಗಳೂ ಲಾವಾ, ಕಡಲ ತಳದಲ್ಲಿ ಹರಿದು ದಿಂಬುಗಳ ಹಾಗೆ ಹೆಪ್ಪುಗಟ್ಟಿದ್ದು, ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದು ಅಂದಳು. ವರ್ಷಕ್ಕೊಮ್ಮೆ ಮಕ್ಕಳನ್ನು ಸಾಲು ಹಿಡಿಸಿ ಆ ಗುಡ್ಡಕ್ಕೆ ಕರೆದೊಯ್ದು, ಔಷಧಿ ಗಿಡ ತೋರಿಸಿ, ಅದೇ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದವಳು ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನಗೆ ಹಿತ್ತಲ ಗುಡ್ಡ ಏನೆಂಬುದೇ ಗೊತ್ತಿರಲಿಲ್ಲ. ಆದರೆ ಅದು ತಣ್ಣಗಾಗಿ ಕೋಟಿ ಕೋಟಿ ವರ್ಷವಾಗಿದೆ, ಇದು ನೀರಲ್ಲಿ ಬಳೆ ಎಬ್ಬಿಸುತ್ತಿದೆ. ದಾರಿಯಲ್ಲೇ ನಸ್ರೀನಳಿಗೆ ಹೇಳಿದೆ, ಈ ಕೂಸು ಈ ಕೊಪ್ಪರಿಗೆಯಲ್ಲಿ ಹುಟ್ಟಬಾರದು. ವಿಮಾನ ಹತ್ತುವ ಕಾಲ ದಾಟಿತ್ತು, ಅದು ನನಗೂ ಗೊತ್ತು. ದಂಡಿಯ ಆಚೆಗೆ ಒಂದು ಬಾಡಿಗೆ ಕೋಣೆಯಾದರೂ ಹಿಡಿಯೋಣ ಅಂದೆ. ಡಾಕ್ಟರು ಇಲ್ಲಿದ್ದಾರೆ, ಗಂಡನ ಕೆಲಸ ಇಲ್ಲಿದೆ, ಅಸುಂತಾ ಇಲ್ಲಿದ್ದಾಳೆ, ಆಗುವುದಿಲ್ಲ ಅಂದಳು. ಮನೆ ತನಕ ಜಗಳಾಡಿದೆವು.

ರೊಟ್ಟಿಯ ಹೊತ್ತು

ಜಗಳ ನಾಲ್ಕು ದಿನ ನಡೆಯಿತು. ಐದನೆಯ ದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ, ನಸ್ರೀನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು, ಇಮ್ತಿಯಾಜ ಕೆಲಸಕ್ಕೆ ಹೋಗಿದ್ದ. ಮೊದಲು ಸದ್ದು ಬಂತು. ನೆಲದಡಿಯಲ್ಲಿ ಯಾರೋ ಕಲ್ಲು ತುಂಬಿದ ಟ್ರ್ಯಾಕ್ಟರನ್ನು ಒಮ್ಮೆಲೇ ಬುಡಮೇಲು ಮಾಡಿದಂಥ ಸದ್ದು. ಆಮೇಲೆ ಮನೆ ಮೇಲಕ್ಕೆ ಹಾರಿತು. ಪಕ್ಕಕ್ಕೆ ತೂಗಿದ್ದು ಅಲ್ಲ, ಮೇಲಕ್ಕೆ. ಹಂಚು ಒಲೆಯಿಂದ ಬಿತ್ತು, ಕಪಾಟಿನ ಗಾಜುಗಳು ಬಿದ್ದವು, ನನ್ನ ಏಳೂ ಡಬ್ಬಿಗಳು ಒಂದರ ಮೇಲೊಂದು ಉರುಳಿ ಅಡಿಗೆಮನೆ ಹೊಳೆಯಾಯಿತು. ಹಿಟ್ಟಿನ ಕೈಯಲ್ಲೇ ನಸ್ರೀನಳ ಕೈ ಹಿಡಿದು ಮೆಟ್ಟಿಲಿಳಿದೆ. ಬಾಯಲ್ಲಿ ಕಲಿಮಾ ಬರುತ್ತಿತ್ತು, ಪೂರ್ತಿ ನೆನಪಾಗುತ್ತಿರಲಿಲ್ಲ. ಅರವತ್ತೆರಡು ವರ್ಷ ದಿನಕ್ಕೈದು ಸಲ ಸಿಕ್ಕ ಮಾತು ಆ ಹೊತ್ತಿಗೆ ಕೈಕೊಟ್ಟಿತು.

ಬೀದಿ ತುಂಬ ಮಂದಿ. ಒಬ್ಬ ಅರ್ಧ ಗಡ್ಡ ಬೋಳಿಸಿಕೊಂಡು ಸಾಬೂನಿನ ಮುಖದಲ್ಲಿ ನಿಂತಿದ್ದ, ಒಬ್ಬಾಕೆ ಪಂಜರದ ಗಿಳಿಯೊಂದಿಗೆ ಬಂದಿದ್ದಳು. ಅಸುಂತಾ ನಸ್ರೀನಳನ್ನು ಮೆಟ್ಟಿಲ ಮೇಲೆ ಕೂಡ್ರಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಒದೆಯುವ ತನಕ ಕೈ ತೆಗೆಯಲಿಲ್ಲ. ಒದೆಯಿತು. ಆಗ ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ. ಒಂದು ತಾಸಿನಲ್ಲಿ ಕಾಫಿ ಅಂಗಡಿ ಬಾಗಿಲು ತೆರೆಯಿತು, ಮಂದಿ ಒಳಗೆ ಹೋಗಿ ಕಾಫಿ ಕುಡಿದರು.

ಗೆರೆ

ಮನೆ ಹೊರಗಿನಿಂದ ಗಟ್ಟಿಯಾಗಿಯೇ ಕಂಡಿತು. ಒಳಗೆ ಹೋದ ಅಸುಂತಾ ಮಾತ್ರ ತನ್ನ ಕೋಣೆಯ ನಡುವೆ ತಲೆ ಮೇಲೆತ್ತಿ ನಿಂತಿದ್ದಳು. ಅವಳ ಮಾಳಿಗೆಯಲ್ಲಿ ಈ ಗೋಡೆಯಿಂದ ಆ ಗೋಡೆಯ ತನಕ, ಅಳತೆಪಟ್ಟಿ ಹಿಡಿದು ಎಳೆದಂತೆ ಒಂದು ಒದ್ದೆ ಗೆರೆ. ಗೆರೆಯ ಉದ್ದಕ್ಕೂ ನೀರು ಹನಿಯುತ್ತಿತ್ತು. ನನ್ನ ಏಳು ಡಬ್ಬಿಗಳ ನೀರು ನೆಲದಲ್ಲಿ ದಾರಿ ಹುಡುಕಿಕೊಂಡು ಕೆಳಗಿಳಿದಿತ್ತು.

ಮರುದಿನ ಮನೆಗಳನ್ನು ಪರೀಕ್ಷಿಸುವವರು ಬಂದರು. ಅವರಲ್ಲೊಬ್ಬ ಗೆರೆಯ ಕೆಳಗೆ ಬಹಳ ಹೊತ್ತು ನಿಂತ. ಪೈಪು ಒಡೆದಿದೆಯೇ ಎಂದು ನೋಡಿದ, ಒಡೆದಿರಲಿಲ್ಲ. ನೀರು ಎಲ್ಲಿಂದ ಬಂತು ಎಂದು ಕೇಳಿದ. ನಮ್ಮ ಖಾಲಾ ನೀರು ತುಂಬಿಡುತ್ತಾಳೆ ಎಂದು ನಸ್ರೀನ ಹೇಳಿದಳು. ಯಾಕೆ ಎಂದ. ಬೆಟಗೇರಿಯಲ್ಲಿ ನಳ ಬರುವ ಕತೆಯನ್ನು ಅವಳು ಇಟಾಲಿಯನ್ನಿನಲ್ಲಿ ಹೇಳುವಾಗ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವನು ನಗಲಿಲ್ಲ. ಏಣಿ ಹತ್ತಿ ಬಣ್ಣ ಕೆರೆದ. ಒಳಗೆ ಹೊಸ ಗಿಲಾವು. ಅದನ್ನೂ ಕೆತ್ತಿದ. ಅದರೊಳಗೆ ಬೆರಳು ಹೋಗುವಷ್ಟು ಬಿರುಕು, ಕೋಣೆಯ ಈ ತುದಿಯಿಂದ ಆ ತುದಿಗೆ. ಮೇಲೆ ನಮ್ಮ ಅಡಿಗೆಮನೆಯ ಹಾಸುಗಲ್ಲು ಎಬ್ಬಿಸಿದರೆ ಅಲ್ಲೂ ಅದೇ, ಪಕ್ಕದ ನನ್ನ ಕೋಣೆಯ ತನಕ.

ಆಗ ಇಮ್ತಿಯಾಜನ ಕಡೆ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ. ಎರಡು ತಿಂಗಳ ಹಿಂದಿನ ನಡುಕದಲ್ಲಿ ಬಿಟ್ಟ ಬಿರುಕನ್ನು ಅಸುಂತಾ ಕೈಮುಗಿದು ಕೇಳಿಕೊಂಡಳೆಂದು ಅವನೇ ಮುಚ್ಚಿ, ಬಣ್ಣ ಬಳಿದು, ಯಾರಿಗೂ ತಿಳಿಯದಂತೆ ಮಾಡಿದ್ದ. ತಿಳಿದರೆ ಮನೆಗೆ ಬೀಗ, ಎಲ್ಲರೂ ಬೀದಿಗೆ. ನಸ್ರೀನಳಿಗೂ ಗೊತ್ತಿತ್ತು. ಆ ಬಿರುಕಿನ ಮೇಲೆ ನನಗೆ ಹಾಸಿಗೆ ಹಾಸಿದ್ದರು, ಕೂಸಿನ ತೊಟ್ಟಿಲಿಗೂ ಅಲ್ಲೇ ಜಾಗ ನೋಡಿದ್ದರು. ಗೊತ್ತಿದ್ದೂ ಹೀಗೆ ಮಾಡಿದೆಯೇನೋ ಎಂದು ಮೆಲ್ಲಗೆ ಕೇಳಿದೆ.

“ಬಿರುಕು ಮುಚ್ಚೂದ ನನ್ನ ಕೆಲಸರಿ ಖಾಲಾ. ದಿನಾ ಹತ್ತ ಮನಿ ಮುಚ್ಚತೇನಿ. ಈ ಊರಾಗ ಬಿರುಕಿಲ್ಲದ ಮನಿ ಒಂದ ತೋರಸ್ರಿ, ಅಲ್ಲಿ ಇರತೇವಿ.”

ವಾಸಕ್ಕೆ ಯೋಗ್ಯವಲ್ಲ ಎಂಬ ಕಾಗದ ಬಾಗಿಲಿಗೆ ಬಿತ್ತು. ಸಾಮಾನು ತೆಗೆದುಕೊಳ್ಳಲು ಅರ್ಧ ತಾಸು ಕೊಟ್ಟರು. ಅಸುಂತಾ ಚೀಲ ಹಿಡಿದು ನನ್ನ ಮುಂದೆಯೇ ಹಾದು ಹೋದಳು, ನನ್ನ ಕಡೆ ನೋಡಲಿಲ್ಲ. ಪರದೇಶಕ್ಕೆ ಬಂದು ಒಬ್ಬಾಕೆಯ ಮನೆಯನ್ನು ನೀರು ಹಾಕಿ ಕಳೆದವಳು ನಾನು. ಆ ನಾಚಿಕೆಯ ಕೆಳಗೇ, ಕೂಸು ಆ ಗೆರೆಯ ಮೇಲೆ ಮಲಗಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು.

ದಂಡಿಯ ಆಚೆ

ನಮ್ಮನ್ನೆಲ್ಲ ಕೊಪ್ಪರಿಗೆಯ ಹೊರಗಿನ ಒಂದು ಕಡಲತೀರದ ಹೋಟೆಲಿನಲ್ಲಿ ಇಟ್ಟರು. ಬೇಸಿಗೆಯ ಪ್ರವಾಸಿಗಳಿಗೆಂದು ಕಟ್ಟಿದ ಹೋಟೆಲು. ಗೋಡೆಯ ಮೇಲೆ ತಾಳೆಮರದ ಚಿತ್ರ, ಪಡಸಾಲೆಯಲ್ಲಿ ಮನೆ ಕಳೆದುಕೊಂಡವರ ಒಣಹಾಕಿದ ಬಟ್ಟೆ. ಆರನೆಯ ದಿನ ನಸ್ರೀನ ಹೆತ್ತಳು. ಹೆಣ್ಣು ಕೂಸು, ತಂಗಿಯದೇ ಮೂಗು. ದಂಡಿಯ ಆಚೆಯೇ ಹುಟ್ಟಿತು, ನಾನು ಬೇಡಿಕೊಂಡದ್ದು ಆಯಿತು. ಹೋಟೆಲಿನ ಕೋಣೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಕೆಳಗಿನ ಅಡಿಗೆಯವನಿಗೆ ಕೈಸನ್ನೆ ಮಾಡಿ ಒಪ್ಪಿಸಿ ಅವನ ಒಲೆಯ ಮೇಲೆ ಅಂಟು ಹುರಿದೆ. ಅವನು ಒಂದು ಉಂಡಿ ತಿಂದು ಇನ್ನೊಂದಕ್ಕೆ ಕೈ ಚಾಚಿದ.

ಅದೇ ಹೋಟೆಲಿನ ಎರಡನೆಯ ಅಂತಸ್ತಿನಲ್ಲಿ ಅಸುಂತಾ ಇದ್ದಳು. ಕೂಸಿನ ಹತ್ತಿರ ಬರುತ್ತಿದ್ದಳು, ಎತ್ತುತ್ತಿದ್ದಳು, ನನ್ನ ಜೊತೆ ಮಾತಿಲ್ಲ. ಹತ್ತನೆಯ ದಿನಕ್ಕೆ ನನಗೆ ತಡೆಯಲಾಗಲಿಲ್ಲ. ತಪ್ಪಾಯಿತು ಎಂದು ಹೇಳು ಅಂತ ನಸ್ರೀನಳಿಗೆ ಹೇಳಿದೆ. ಅಸುಂತಾ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬಹಳ ಹೊತ್ತು ಮಾತಾಡಿದಳು. ನಸ್ರೀನ ಅದನ್ನು ನಮ್ಮ ಮಾತಿಗೆ ಇಳಿಸಿದಳು.

“ಆರು ವರ್ಷದಾಕಿ ಇದ್ದಾಗ ಕಡಲ ಗುಡ್ಡದ ಮ್ಯಾಲಿನ ಹಳೇ ಓಣ್ಯಾಗ ಇದ್ವಿ ಅಂತಾಳ್ರಿ. ನೆಲ ಏಳಾಕತ್ತೈತಿ ಅಂತ ಸಿಪಾಯಿಗಳು ಬಂದು ಎಲ್ಲಾರನ್ನೂ ಹೊರಗ ಹಾಕಿದರಂತ. ಅವ್ವ ಒಲಿ ಮ್ಯಾಲಿನ ಸಾರು ಹಂಗ ಬಿಟ್ಟು ಬಂದಳಂತ. ಸ್ವಲ್ಪ ದಿನಾ ಅಂದಿದ್ರು, ಮತ್ತ ಆ ಮನಿಗೆ ಹೋಗಲೇ ಇಲ್ಲಂತ. ಅವಾಗ ಏನೂ ಸಿಡೀಲಿಲ್ಲ, ಓಣಿ ಅಷ್ಟ ಹೋತು. ಅದಕ ಬಿರುಕು ಮುಚ್ಚಸಿದೆ ಅಂತಾಳ. ನಿಮ್ಮ ಮ್ಯಾಲೆ ಸಿಟ್ಟಿಲ್ಲಂತ, ತನ್ನ ಮ್ಯಾಲೆ ತನಗ ಹೆದರಿಕಿ ಅಂತ. ಕೂಸು ಆ ಬಿರುಕಿನ ಮ್ಯಾಲೆ ಮಲಗಿತ್ತು ಅಂದ್ರ ಅಂತಾಳ.”

ಅಸುಂತಾ ಅಷ್ಟಕ್ಕೆ ನಿಲ್ಲಿಸಿದಳು. ನಾನು ಅವಳ ಕೈ ಹಿಡಿದುಕೊಂಡೆ. ಮೀನಿನ ಬಜಾರಿನಲ್ಲಿ ಗಟ್ಟಿಯಾದ ಕೈ, ನನ್ನದಕ್ಕಿಂತ ಬಿಸಿಯಾಗಿತ್ತು.

ನಲವತ್ತನೆಯ ದಿನ

ಚಿಲ್ಲಾದ ದಿನ, ಅಂದರೆ ನಲವತ್ತನೆಯ ದಿನ, ಬಾಣಂತಿಗೂ ಕೂಸಿಗೂ ತಲೆಗೆ ಎರೆದು ಹೊಸ ಬಟ್ಟೆ ತೊಡಿಸಿದೆ. ನನ್ನ ಮನಸ್ಸಿನಲ್ಲಿ ಎಲ್ಲ ಗೊತ್ತಾಗಿತ್ತು. ಕೂಸಿಗೆ ಪಾಸ್‌ಪೋರ್ಟು ಬರುತ್ತಲೇ ತಾಯಿ ಮಗಳನ್ನು ಕರೆದುಕೊಂಡು ಬೆಟಗೇರಿಗೆ, ಇಮ್ತಿಯಾಜ ಬೇರೆ ಊರಲ್ಲಿ ಕೆಲಸ ನೋಡಿಕೊಂಡು ಆಮೇಲೆ. ಅದನ್ನು ಹೇಳಲು ಬಾಯಿ ತೆರೆಯುವ ಹೊತ್ತಿಗೆ ಅಸುಂತಾ ಬಂದು ನಸ್ರೀನಳ ಕೈಯಲ್ಲಿ ಒಂದು ಬೀಗದ ಕೈ ಇಟ್ಟಳು. ಎರಡು ಅಂತಸ್ತಿನ ಮನೆ ಸಿಕ್ಕಿತ್ತು. ಕೆಳಗೆ ಅವಳು, ಮೇಲೆ ಇವರು. ಎಲ್ಲಿ ಎಂದು ಕೇಳಿದೆ. ಹಳೆಯ ಮನೆಯಿಂದ ಮೂರು ಓಣಿ ಆಚೆ. ಕೊಪ್ಪರಿಗೆಯ ಒಳಗೇ.

ನಾನು ಆವತ್ತು ಆಡಿದ ಮಾತನ್ನೆಲ್ಲ ಬರೆಯುವುದಿಲ್ಲ. ಹುಚ್ಚು ಹಿಡಿದಿದೆಯೇನು ನಿಮಗೆ ಎಂಬುದು ಅದರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಮಾತು. ನಸ್ರೀನ ಕೂಸಿಗೆ ಹಾಲು ಕುಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಖಾಲಾ, ಹೋದ ಮಳಿಗಾಲಕ್ಕ ನಿಮ್ಮ ಪಡಸಾಲಿ ಮಣ್ಣಿನ ಗ್ವಾಡಿ ಬಿತ್ತು. ಬಾಜೂ ಮನ್ಯಾಗ ಹಂಗ ಗ್ವಾಡಿ ಬಿದ್ದು ಮುದುಕಿ ಸತ್ತಳು. ಇಲ್ಲಿಗೆ ಬಂದುಬಿಡ್ರಿ ಅಂತ ನಾ ಫೋನಿನ್ಯಾಗ ಅತ್ತೆ. ನೀವೇನಂದ್ರಿ? ಉಳದ ಮೂರ ಗ್ವಾಡಿ ಗಟ್ಟಿ ಅದಾವ ಅಂದ್ರಿ.”

ಅಂದಿದ್ದೆ, ಖರೆ. ಈಗಲೂ ಆ ಮನೆಯಲ್ಲೇ ಮಲಗುತ್ತೇನೆ. ಗೋಡೆ ಬೇರೆ, ಜ್ವಾಲಾಮುಖಿ ಬೇರೆ ಎಂದು ವಾದಿಸಬಹುದಿತ್ತು, ಅದು ಸರಿಯೂ ಹೌದು. ಹೊರಗೆ ಬಾಡಿಗೆ ದುಬಾರಿ, ಕೆಲಸ ಒಳಗೆ, ಕೂಸನ್ನು ನೋಡಿಕೊಳ್ಳುವ ಅಸುಂತಾ ಒಳಗೆ ಎಂದು ಇಮ್ತಿಯಾಜ ಕಾರಣ ಕೊಟ್ಟ. ಊರಿಗೆ ಹೊರಡುವ ಮೂರು ದಿನ ಮೊದಲು ಅವರ ಜೊತೆ ಆ ಮನೆ ನೋಡಲು ಹೋದೆ. ಗೋಡೆ ಗೋಡೆಗೂ ಬೆರಳಿಂದ ಬಡಿದು ನೋಡಿದೆ. ಮೂಲೆಯಲ್ಲಿ ಕೂದಲೆಳೆಯಂಥ ಎರಡು ಬಿರುಕು ಇದ್ದವು. ಇಮ್ತಿಯಾಜನಿಗೆ ತೋರಿಸಿ, ಇವನ್ನು ಮುಚ್ಚಬೇಡ, ಪಕ್ಕದಲ್ಲಿ ತಾರೀಖು ಬರೆದಿಡು, ಬೆಳೆದರೆ ತಿಳಿಯುತ್ತದೆ ಅಂದೆ. ಅವನು ಆತ್ರಿ ಎಂದು ಪೆನ್ಸಿಲು ತೆಗೆದ.

ಆಮೇಲೆ ತೊಟ್ಟಿಲಿಗೆ ಜಾಗ ನೋಡುವ ಕೆಲಸ ನನ್ನದಾಯಿತು. ಅವರು ಕಿಟಕಿಯ ಹತ್ತಿರ ಅಂದರು, ನಾನು ಬೇಡ ಅಂದೆ. ಗೋಡೆಯಿಂದ ದೂರ, ಕಪಾಟಿನಿಂದ ದೂರ, ಬಾಗಿಲಿಗೆ ಎರಡು ಹೆಜ್ಜೆ, ಮೇಲೆ ಕಬ್ಬಿಣದ ತೊಲೆ ಇರುವಲ್ಲಿ. ಊರಿನಿಂದ ತಂದಿದ್ದ ಹಳೆಯ ಬೆಟಗೇರಿ ಸೀರೆಯನ್ನು ತೊಲೆಗೆ ಬಿಗಿದು ತೊಟ್ಟಿಲು ಕಟ್ಟತೊಡಗಿದೆ. ಮೊದಲ ಗಂಟು ಹಾಕಿದಾಗ ಕಾಲಡಿಯ ನೆಲ ನಡುಗಿತು. ಕಿಟಕಿಯ ಗಾಜುಗಳು ಗಲಗಲ ಅಂದವು. ಅಸುಂತಾ ಕಾಫಿ ಬಗ್ಗಿಸುತ್ತಲೇ ಇದ್ದಳು, ನಸ್ರೀನ ಕೂಸಿನ ಕಾಲುಚೀಲ ಹಾಕುತ್ತಲೇ ಇದ್ದಳು. ನಾನು ಎರಡನೆಯ ಗಂಟು ಹಾಕಿ, ಜಗ್ಗಿ ನೋಡಿ, ಕೂಸನ್ನು ಇಸಿದುಕೊಂಡು ಮಲಗಿಸಿ ತೂಗಿದೆ. ನೆಲ ನಡುಗಿತ್ತಲ್ಲ ಎಂಬುದು ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು. ನಾನೂ ಓಡಿರಲಿಲ್ಲ.